ಗೋಂದು ಒಣಗದ ತಿಂಗಳು

ಜೂನಿನಲ್ಲಿ ಶಾಲೆ ಶುರು, ಗೋಂದು ಖರ್ಚು.
ಜುಲೈ ಬಂತೆಂದರೆ ಕೇಳುವವರಿಲ್ಲ.
ಮೂವತ್ತೊಂದು ವರ್ಷ, ಕಾರವಾರದ ಈ ಅಂಗಡಿಯ ಲೆಕ್ಕ
ಇಷ್ಟೇ ಇತ್ತು.

ಹೋದ ವರ್ಷ, ನಡು ಆಷಾಢದಲ್ಲಿ
ಕೊಡೆ ಮಡಚದೆಯೇ ಒಳಗೆ ನುಗ್ಗಿ
"ವಾಶಿ ಟೇಪ್ ಉಂಟಾ ರಾಯ್ಕರ್ ಮಾಮಾ?"
ಬೈತಖೋಲದ ಪ್ರಣಾಲಿ ತಾಂಡೇಲ.
ವಾಶಿಂಗ್ ಮಶಿನ್ನಿಗೆ ಹಚ್ಚುವುದೋ ಎಂದು ಕೇಳಿ
ನಗೆಪಾಟಲಾದೆ.
ಬಟ್ಟೆ ಅಂಗಡಿಯವರು ಕೊಟ್ಟ ಎರಡು ಹೂವಿನ ಪಟ್ಟಿ
ಹುಡುಕಿ ಕೊಟ್ಟೆ, ಅದೇ ಅಂದಳು.
ಈಗ ಉಂಟು, ಹನ್ನೆರಡು ಬಣ್ಣ.
ಹುಬ್ಬಳ್ಳಿಯಿಂದ ಬರುತ್ತದೆ,
ಒದ್ದೆಯಾಗದಂತೆ ಡ್ರೈವರನ ಸೀಟಿನ ಹಿಂದೆ ಕೂತು.

ಅಪ್ಪನದು ಚಿನ್ನದ ಕೆಲಸ.
ಕುಲುಮೆಯ ಮುಂದಿನ ಕಸವನ್ನೂ ಗುಡಿಸಿಟ್ಟು ಮಾರುತ್ತಿದ್ದ.
ನನ್ನ ಕಸವೂ ಈಗ ಮಿನುಗುತ್ತದೆ.
ಚಮಕಿ ಪುಡಿ. ಯಾರೂ ಕೊಳ್ಳುವುದಿಲ್ಲ.
ಊಟಕ್ಕೆ ಕೂತರೆ ಅನ್ನದ ಮೇಲೂ ಒಂದು ಕಣ.

ಊರಿಗೆ ಊರೇ ಕತ್ತರಿ ಹಿಡಿದಿದೆ.
ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್
ಮಗು ಹುಟ್ಟಿದ ಖುಷಿಗೆ ಅಪ್ಪಂದಿರು ಹಂಚಿದ
ಪೇಡೆಯ ಕಾಗದ ಅಂಟಿಸುತ್ತಾಳೆ,
ಒಂದೊಂದರ ಕೆಳಗೂ ತೂಕ:
ಎರಡು ಕಿಲೋ ಎಂಟುನೂರು. ಮೂರು ಕಿಲೋ ನೂರು.
ಒಂದು ಕಿಲೋ ಇನ್ನೂರು,
ಅದಕ್ಕೆ ಮಾತ್ರ ಸುತ್ತ ಬಂಗಾರದ ಅಂಚು.

ಕಾಜುಬಾಗದ ಶ್ಯಾಮಲಾ ಬಾಂದೇಕರ್
ಗೋಂದಿಗೆ ಯಾಕೆ ದುಡ್ಡು ಎಂದು ಗಂಜಿಯಲ್ಲಿ ಅಂಟಿಸಿ
ಗೋಕರ್ಣದ ಪ್ರವಾಸವನ್ನು ಪೂರ್ತಿ ಜಿರಲೆಗೆ ಬಡಿಸಿದಳು.
ಮುರುಡೇಶ್ವರದ ಶಿವ
ಸೊಂಟದವರೆಗೆ ಉಳಿದಿದ್ದಾನೆ.

ನೌಕಾನೆಲೆಯ ಕ್ವಾರ್ಟರ್ಸಿನ ಒಡಿಯಾ ಹೆಂಗಸಿಗೆ
ಬರುವುದು ಮೂರೇ ಕನ್ನಡ: ಕೊಡಿ, ಎಷ್ಟು, ಬೇಡ.
ಪುಟಕ್ಕೊಂದು ಊರಿನ ಮರಳು.
ವಿಶಾಖಪಟ್ಟಣದ್ದು ಅಂಟಿದೆ, ಕೊಚ್ಚಿಯದ್ದು ಅಂಟಿದೆ,
ನಮ್ಮ ಕಡಲಿನದು ಇನ್ನೂ ಪೊಟ್ಟಣದಲ್ಲಿ.
ಯಾಕೆ ಎಂದು ಕೈಯಲ್ಲೇ ಕೇಳಿದೆ.
ವರ್ಗವಾಗಲಿ, ಆಮೇಲೆ,
ಎಂದು ಕೈಯಲ್ಲೇ ಹೇಳಿದಳು.

ಪ್ರಣಾಲಿಯ ಪುಟದಲ್ಲಿ ಅಂಕೋಲೆಯ ಬಸ್ ಟಿಕೆಟ್.
ಮಶಿನ್ನಿನ ಟಿಕೆಟ್ಟು; ಒಂದೇ ಮಳೆಗಾಲಕ್ಕೆ ಅಕ್ಷರ ಆರಿ
ಬರೀ ಬಿಳಿ ಚೂರು.
ಕೆಳಗೆ ಬರೆದಿಡು ಅಂದೆ, ಯಾವ ದಿನ, ಯಾರ ಜತೆ.
"ನೆನಪಿದೆ ಮಾಮಾ."
ನೆನಪಿದೆ ಅಂದವರಿಗೆ ಉದ್ರಿ ಕೊಟ್ಟೇ
ನಾನು ಕೆಟ್ಟದ್ದು, ಹುಡುಗಿ.
ಅವಳು ಬಿಳಿ ಚೂರಿನ ಮೇಲೆ ಬೆರಳಾಡಿಸಿದಳು.
ಯಾರ ಜತೆ ಎಂಬುದು ಕೆನ್ನೆಗೆ ಬಂತು,
ಕಾಗದಕ್ಕೆ ಬರಲಿಲ್ಲ.

ಈ ತಿಂಗಳು ಗೋಂದು ಒಣಗುವುದಿಲ್ಲ.
ಮನೆಯಲ್ಲಿಟ್ಟರೆ ಬೂಷ್ಟು.
ಅದಕ್ಕೇ ಎಲ್ಲರೂ ನನ್ನ ಕೌಂಟರಿನ ಹಳೇ ಬಲ್ಬಿನ ಕೆಳಗೆ
ತಂದಿಟ್ಟು ಹೋಗುತ್ತಾರೆ,
ಉಬ್ಬಿದ, ಮುಚ್ಚಲಾರದ ಪುಸ್ತಕಗಳು,
ಮದುವೆ ಊಟ ಮುಗಿಸಿ ಅಡ್ಡಾದವರ ಹಾಗೆ
ಒಂದರ ಮೇಲೊಂದು.
ಭಾರಕ್ಕೆ ಮೇಲೆ ನನ್ನ ಉದ್ರಿ ಪುಸ್ತಕ.
ಏನಕ್ಕೂ ಬಾರದ್ದು ಇದಕ್ಕಾದರೂ ಬಂತು.

ನಿನ್ನೆ ರಾತ್ರಿ ಶಟರ್ ಅರ್ಧ ಎಳೆದು
ಒಣಗಿತೋ ಎಂದು ಅಂಚು ಮುಟ್ಟಿ ನೋಡುವಾಗ
ಒಂದು ಪುಟ ತಾನಾಗಿ ತೆರೆಯಿತು.
ನೋಡಬಾರದಿತ್ತು, ನೋಡಿದೆ.
ನನ್ನದೇ ಅಂಗಡಿಯ ಚೀಟಿ, ನನ್ನದೇ ಕೈಬರಹ:
ವಾಶಿಂಗ್ ಟೇಪು ೨, ರೂ. ೮೦.
ಸುತ್ತ ಅದೇ ಹೂವಿನ ಪಟ್ಟಿ,
ಮೂಲೆಯಲ್ಲಿ ಹಲ್ಲು ಕಿಸಿದ ಒಂದು ಬಂಗುಡೆ.

ದಿನಾಂಕ ಹಾಕಿರಲಿಲ್ಲ ನಾನು.
ಉದ್ರಿ ಪುಸ್ತಕ ತೆರೆದು ಹುಡುಕಿದೆ,
ಇತ್ತು: ಜುಲೈ ಒಂಬತ್ತು, ತಾಂಡೇಲ ಹುಡುಗಿ.
ಎಂಬತ್ತು ಇನ್ನೂ ಬಂದಿಲ್ಲ.

ಕಿವಿಯ ಮೇಲಿನ ಪೆನ್ನು ತೆಗೆದು
ಚೀಟಿಯ ತಲೆಗೆ ತಾರೀಕು ಬರೆದೆ,
ಊದಿದೆ,
ಭಾರವನ್ನು ಮತ್ತೆ ಮೇಲಿಟ್ಟೆ.