ಮೂವತ್ತಮೂರು ಡಿಗ್ರಿ

ಆಗಸ್ಟಿನ ಒಂದು ಶನಿವಾರ ಮರ್ವ್ ಟ್ರ್ಯಾಂಟರ್
ಹನ್ನೆರಡು ಮೂಟೆ ಮರದ ಚಕ್ಕೆ ತಂದು
ಅಜೇಲಿಯಾ ಗಿಡಗಳ ಬುಡಕ್ಕೆ
ಕಂಬಳಿ ಹೊದಿಸಿದ ಹಾಗೆ ಹೊದಿಸಿದ.
ಭಾನುವಾರ ಬೆಳಿಗ್ಗೆ ಬುಡವೆಲ್ಲ ಬತ್ತಲೆ.

ಕಳ್ಳ ಎಲ್ಲಿಗೂ ಓಡಿಹೋಗಿರಲಿಲ್ಲ.
ಬೇಲಿಯ ಈಚೆ, ನನ್ನ ಬಾಡಿಗೆ ಮನೆಯ ಹಿತ್ತಲಲ್ಲಿ
ಬೆನ್ನು ತಿರುಗಿಸಿ ನಿಂತು
ಒದೆಯುತ್ತಿದ್ದ, ಹಿಂದಕ್ಕೆ, ಇನ್ನೂ ಹಿಂದಕ್ಕೆ:
ಕಪ್ಪು ಕೋಟು, ಕೂದಲುದುರಿದ ಕೆಂಪು ತಲೆ,
ಕೊರಳಲ್ಲಿ ಜಾರಿದ ಹಳದಿ ಮಫ್ಲರು,
ಅವಸರದಲ್ಲಿ ಯಾರೋ ನೆಟ್ಟಗೆ ಸಿಕ್ಕಿಸಿಹೋದ
ಬೀಸಣಿಗೆಯಂಥ ಬಾಲ.
'ಬ್ರಷ್ ಟರ್ಕಿ' ಅಂದ ಮರ್ವ್, ಬೈದ ಹಾಗೆ.
ನಾನು ಆಗಷ್ಟೇ ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದವಳು,
ಮೊಣಕೈವರೆಗೆ ಹಿಟ್ಟು.
ನನ್ನನ್ನೂ ಒಮ್ಮೆ ನೋಡಿತು. ಕೆಲಸಕ್ಕೆ ಬಾರದವಳೆಂದು
ಮತ್ತೆ ಒದೆಯತೊಡಗಿತು.

ಹದಿನೈದು ದಿನಕ್ಕೆ ಗುಡ್ಡೆ ನನ್ನ ಎದೆಯೆತ್ತರ.
ಅದರೊಳಗೆ ಮರ್ವನ ಚಕ್ಕೆ, ನನ್ನ ಪುದೀನ,
ಎದುರುಮನೆಯ ಫಾಮ್ ಅಜ್ಜಿಯ ಒಂದು ಕಾಲಿನ ಚಪ್ಪಲಿ,
ಇಡೀ ಬೀದಿಯ ಎಲೆ.
ಮರ್ವ್ ಪೈಪಿನಲ್ಲಿ ನೀರು ಬಿಟ್ಟ; ಅದು ಸ್ನಾನ ಮಾಡಿತು.
ಕನ್ನಡಿ ತಂದು ನಿಲ್ಲಿಸಿದ; ಅದು ಒಂದು ದಿನ ಪೂರ್ತಿ
ತನ್ನ ಜೊತೆ ತಾನೇ ಜಗಳವಾಡಿ
ಮರುದಿನ ಕನ್ನಡಿಯನ್ನೂ ಅರ್ಧ ಹೂತುಹಾಕಿತು.
ಕೌನ್ಸಿಲ್ಲಿನಿಂದ ಬಂದ ಟಿಯಾನಾ ಶೂ ಕೊಡವಿಕೊಳ್ಳುತ್ತ ಹೇಳಿದಳು:
'ಮುಟ್ಟೋ ಹಾಗಿಲ್ಲ. ಈ ಬೀದಿಗೆ ಹೆಸರಿಡೋಕೆ ಮುಂಚೆಯೇ
ಇದರ ಅಪ್ಪಂದಿರು ಇಲ್ಲಿ ಒದೀತಿದ್ರು.'

ಹೆಣ್ಣುಗಳು ಬಂದವು, ಒಂದೊಂದಾಗಿ.
ಗುಂಡಿ ತೋಡಿ ಮೊಟ್ಟೆಯಿಟ್ಟು ಹೋದವು.
ಯಾವುದೂ ನಿಲ್ಲಲಿಲ್ಲ, ಯಾವುದನ್ನೂ ಅದು ಕರೆಯಲಿಲ್ಲ.

ಅಕ್ಟೋಬರಿನಲ್ಲಿ ಮರ್ವ್ ಬೇಲಿ ದಾಟಿ ಬಂದ,
ಕೈಯಲ್ಲಿ ಉದ್ದ ಸೂಜಿಯ ಥರ್ಮಾಮೀಟರು.
ನಲವತ್ತು ವರ್ಷ ಅದನ್ನು ಹಿಡಿದು
ಮಾಂಸದ, ಸಿಗಡಿಯ ಶೀತಲ ಕೋಣೆಗಳಲ್ಲಿ
ಬಿಸಿಯನ್ನು ಹೊರಗೆ ಅಟ್ಟುತ್ತ ಬದುಕಿದವನು.
ಗುಡ್ಡೆಗೆ ಚುಚ್ಚಿದ. ಮೂವತ್ತಮೂರು.
ಹಕ್ಕಿಯೂ ಬಂತು. ಕತ್ತಿನವರೆಗೆ ತಲೆ ಹುದುಗಿಸಿ
ಒಂದು ತುತ್ತು ಮಣ್ಣು ಬಾಯಲ್ಲಿಟ್ಟು ನಿಂತಿತು,
ಸಾರಿನ ಉಪ್ಪು ನೋಡುವವರ ಹಾಗೆ.
ಎರಡು ಒದೆ ಎಲೆ ತೆಗೆಯಿತು. ಯೋಚಿಸಿತು. ಒಂದು ಒದೆ ವಾಪಸ್ಸು.
ಮರ್ವ್ ಮತ್ತೆ ಚುಚ್ಚಿದ. ಮೂವತ್ತಮೂರು.

ಬೇಕರಿಯಲ್ಲಿ ಹಿಟ್ಟು ಉಬ್ಬುವ ಪೆಟ್ಟಿಗೆಯ ಮುಳ್ಳು
ನಿಲ್ಲುವುದೂ ಅಲ್ಲೇ ಎಂದೆ.
ಅವನು ಕೇಳಿಸಿಕೊಳ್ಳಲಿಲ್ಲ.
'ಎರಡು ಸಲ ನನ್ನ ಕೈಲಿ ಒಂದು ಲಾರಿ ಸಿಗಡಿ ಕೊಳೆತಿದೆ,' ಅಂದ
ಹಕ್ಕಿಗೆ.

ಗುಡುಗು ಮಳೆಯ ರಾತ್ರಿ ಯಾರೋ ಟಾರ್ಪಾಲು ಹೊದಿಸಿದ್ದರು.
ಬೆಳಿಗ್ಗೆ ನೋಡಿದರೆ ಅದನ್ನು ಎಳೆದು ಬೀದಿಗೆ ಹಾಕಿತ್ತು.
ಯಾರೆಂದು ನಾನು ಕೇಳಲಿಲ್ಲ, ಮರ್ವ್ ಹೇಳಲಿಲ್ಲ.

ಡಿಸೆಂಬರಿನ ಒಂದು ನಸುಕು.
ಗುಡ್ಡೆಯ ಬದಿ ಕದಲಿತು. ಒಂದು ಕೊಕ್ಕು.
ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಮುಷ್ಟಿಯಷ್ಟು ಕಂದು ಮರಿ
ಮೂಗಿನ ಮಣ್ಣು ಸೀನಿ ಹೊರಬಂತು, ರೆಕ್ಕೆಪುಕ್ಕ ಸಮೇತ,
ಯಾರದೂ ಹಂಗಿಲ್ಲದೆ.
ಆಚೆ ಬದಿ ಅಪ್ಪ ಬೆನ್ನು ಹಾಕಿ ಒದೆಯುತ್ತಲೇ ಇದ್ದ;
ಒಂದು ಒದೆ ಎಲೆ ಮರಿಯ ಮೇಲೂ ಬಿತ್ತು.
ಅದು ಕೊಡವಿಕೊಂಡು ಬೇಲಿ ನುಸುಳಿ ಓಡಿತು.
ಇವನು ತಿರುಗಲಿಲ್ಲ. ಅದೂ ತಿರುಗಲಿಲ್ಲ.
ನಾನು ಮಾತ್ರ, ರೊಟ್ಟಿಯ ಚೀಲ ಹಿಡಿದು,
ಯಾರಿಗೆ ಶುಭಾಶಯ ಹೇಳಬೇಕೆಂದು ತಿಳಿಯದೆ.

ಜನವರಿಯಲ್ಲಿ ಮನೆ ತಪಾಸಣೆಗೆ ಬಂದ ಏಜೆಂಟ್ ಹುಡುಗ
ಫಾರಮ್ಮಿನಲ್ಲಿ ಬರೆದ: ಹಿತ್ತಲು, ಕಸದ ರಾಶಿ.
ಹದಿನಾಲ್ಕು ದಿನದೊಳಗೆ ತೆರವು ಮಾಡುವುದು.
ಕೆಳಗೆ ಬಾಡಿಗೆದಾರರ ಉತ್ತರಕ್ಕೆ ಒಂದೂವರೆ ಗೆರೆ ಜಾಗ.
ಪೆನ್ನು ಹಿಡಿದು ಕೂತೆ.
ಹೊರಗೆ ಮರ್ವ್ ಕಾರಿನ ಡಿಕ್ಕಿ ತೆಗೆದ ಸದ್ದು,
ಮೂಟೆಗಳು ಇಳಿದ ಸದ್ದು,
ಅವನ ಬೈಗುಳ,
ಅದರ ಹಿಂದೆಯೇ ಒಣಗಿದೆಲೆಯ ಮೇಲೆ
ಪರಿಚಯದ ಎರಡು ಕಾಲು.