ಯಾವಾಗರೆ ನೋಡಿದ್ರಾತು

ಇಚಲಕರಂಜಿಯಿಂದ ಅತ್ತಿ ಬಂದಾಳ,
ಮಗಳು ವೈಜಯಂತಿ, ಅಳಿಯ, ಮೊಮ್ಮಗ ಓಂಕಾರ,
ಒಂದು ಡಬ್ಬಿ ಚಕ್ಕಲಿ, ಮೂರು ದಿನದ ರಜೆ.
ರೇಲ್ವೆ ಕಿಟಕಿಯಿಂದನ ಗುಮ್ಮಟ ಕಂಡಿತಂತ.
ಹೊಸ್ತಿಲ ದಾಟೋ ಮೊದಲ ಹುಡುಗ ಕೇಳಿದ:
"ಮಾಮಾ, ಅದರ ಎತ್ತರ ಎಷ್ಟು?"
"ಭಾಳ," ಅಂದೆ.
"ಭಾಳ ಅಂದ್ರ?"
"ನಾಳೆ ನೋಡೂಣಂತ."

ನಾನು ಹೆಸ್ಕಾಂ ಬಿಲ್ಲಿನ ಕಿಂಡಿಯೊಳಗ ಕೂಡಾಂವ.
ಈ ವಿಜಯಪುರದ ಕೈ ಗೊತ್ತು ನನಗ, ಮುಖ ಅಷ್ಟು ಗೊತ್ತಿಲ್ಲ:
ಬಳಿ ಕೈ, ಸುಣ್ಣದ ಕೈ, ಚಿಲ್ಲರ ಎಣಿಸೋ ಕೈ.
ಯಾವ ಓಣಿಯಾಗ ಯಾರ ಬಾಕಿ ಎಷ್ಟು, ಕೇಳ್ರಿ, ಹೇಳತೀನಿ.

ಆರನೇ ಇಯತ್ತೆದಾಗ ನಮ್ಮನ್ನ ಸಹಲಿಗೆ ಜೋಗಕ್ಕ ಒಯ್ದರು.
ಏಳನೇದಕ್ಕ ಹಂಪಿ.
ಊರಂದೇನು, ಯಾವಾಗರೆ ನೋಡಿದ್ರಾತು ಅಂದ್ರು ಮಾಸ್ತರು.
ಅಪ್ಪನೂ ಹಂಗ ಅಂದ.
ಲಗ್ನ ಆದಮ್ಯಾಲ ಆಕಿಗಿ ನಾನೂ ಹಂಗ ಅಂದೆ.
ಆ ಯಾವಾಗರೆಗೆ ಈಗ ನಲವತ್ತೇಳು ವಯಸ್ಸು.

ದಸ್ತಗೀರ್ ಸಾಬ ಟಾಂಗಾ ಹೂಡಿದ.
ಬಿಲ್ ತಡಾ ಆದಾಗ ನನಗ ಕೈ ಮುಗಿದಾಂವ,
ಇವತ್ತ ನನ್ನ ಪಾಳಿ.
"ಎಲ್ಲೆಲ್ಲಿ ಏನೇನು ಹೇಳಬೇಕು, ಸ್ವಲ್ಪ ಹೇಳಿಕೊಡಪಾ,"
ಅಂದೆ ಕಿವಿಯೊಳಗ. ನಕ್ಕು ಲಗಾಮು ಜಗ್ಗಿದ.

ಮಲಿಕ್-ಎ-ಮೈದಾನ್ ತೋಪಿನ ಮ್ಯಾಲ ಕೈಯಿಟ್ಟು
"ಬಿಸಲಾಗೂ ಇದು ತಣ್ಣಗ ಇರತದ" ಅಂದೆ. ಕೇಳಿದ ಮಾತು.
ಕೈ ಚುರ್ರಂತು. ಹಿಂದಕ್ಕ ತಗೀಲಿಲ್ಲ,
ವೈಜಯಂತಿ ಫೋಟೋ ತಗೀತಿದ್ಲು.

ತಾಜ್ ಬಾವಡಿ ಹತ್ರ ಅತ್ತಿ ಗಾಡಿ ನಿಲ್ಲಿಸಂದ್ಲು.
ಟಾಂಗಾದ ಹಿಂದಿನ ಸೀಟಿನ್ಯಾಗ ಕೂತು
ದಾಟಿ ಹೋದದ್ದಷ್ಟ ನೋಡಕೋತ ಬಂದಿದ್ಲು ಆಕಿ.
"ಇಲ್ಲೇ ನನ್ನ ಹಿತ್ತಾಳಿ ಕೊಡ ಬಿದ್ದಿತ್ತು, ಲಗ್ನದ ಹಿಂದಿನ ವಾರ.
ನಿಮ್ಮ ಆಯಿ ಹೊಡದಿದ್ಲು."
ಬಗ್ಗಿ ಇಣುಕಿದ್ಲು,
ಈಗರೆ ತೇಲಿ ಬಂದೀತೇನೋ ಅನ್ನೂ ಹಂಗ.

ಬಾರಾ ಕಮಾನಿನ್ಯಾಗ ಅಳಿಯ ಕೇಳಿದ:
"ಯಾಕ ಅರ್ಧಕ್ಕ ನಿಂತದ?"
"ಬಿಲ್ ಪಾಸಾಗಿರಲಿಕ್ಕಿಲ್ಲ," ಅಂದೆ.

ಗೋಳಗುಮ್ಮಟಕ್ಕ ಬಂದ್ವಿ.
ಅತ್ತಿ ಮೊಣಕಾಲ ಹಿಡಕೊಂಡು ಚಪ್ಪಲಿ ಕಾಯಾಕ ಕೆಳಗ ಉಳದ್ಲು.
ಮಿನಾರಿನ ಸುತ್ತು ಮೆಟ್ಟಲ, ಏಳು ಅಂತಸ್ತು.
ಮೂರನೇದಕ್ಕ ನನ್ನ ದಮ್ಮು ಹೋತು.
ಓಂಕಾರ ಎಣಿಸಕೋತ ಮುಂದ,
ನಾನು ಎಣಿಕಿ ತಪ್ಪಕೋತ ಹಿಂದ.

ಮ್ಯಾಲ, ಒಳಗ,
ಕೂಗು, ಸೀಟಿ, ಚಪ್ಪಾಳಿ.
ಗ್ವಾಡಿ ಏನೂ ಇಟ್ಟುಕೊಳ್ಳಂಗಿಲ್ಲ,
ಏಳೇಳು ಸಲ ತಿರುಗಿ ಒಪ್ಪಸತದ.
ಹುಡುಗ ಆಚಿ ಬದಿಗೆ ಓಡಿದ, ಬಟ್ಟಿನಷ್ಟು ಕಂಡ,
ಏನರೆ ಹೇಳು ಅಂತ ಸನ್ನಿ ಮಾಡಿದ.

ಏನು ಹೇಳಲಿ?
ಮುಂಜಾನಿಂದ ಹೇಳಿ ಹೇಳಿ ಸುಳ್ಳು ತೀರಿದ್ವು.
ಗ್ವಾಡಿಗೆ ಗಲ್ಲ ಹಚ್ಚಿದೆ. ಸುಣ್ಣದ ವಾಸನಿ, ಪಾರಿವಾಳದ ವಾಸನಿ.
"ನಾನೂ ಮೊದಲನೇ ಸಲ ಬಂದೀನಿ," ಅಂದೆ, ಉಸಿರಿನಷ್ಟು.

ಗ್ವಾಡಿ ಅದನ್ನ ಹುಡುಗಗ ಒಯ್ದು ಮುಟ್ಟಿಸ್ತು.
ಹಾದಿಯಾಗ ಕೂತ ಹೊಸಾ ಜೋಡಿಗೊಂದು,
ಶೇಂಗಾ ಸುಲಿಯೋ ಕಾವಲಗಾರಗೊಂದು ಹಂಚಿತು.
ಕಾವಲಗಾರ ತಿರುಗಿ ನೋಡಿದ.
ನಮ್ಮ ಓಣಿಯಾಂವನ ಅಂವ,
ನನ್ನಕಿಂತ ಅಂವಗ ನಾಚಿಗಿ ಆತು.

ಆಚಿಯಿಂದ ಬಂತು, ಸಣ್ಣಗ,
ನನ್ನ ಕಿವಿಯೊಳಗ ಕೂತು ಅಂದಂಗ:
"ನನಗ ಗೊತ್ತಿತ್ತು, ಮಾಮಾ."

ಇಳದು ಬಂದಾಗ ಅತ್ತಿ ಹೆಂಗಿತ್ತಂತ ಕೇಳಲಿಲ್ಲ.
ಒಣದ್ರಾಕ್ಷಿ ಪಾಕೀಟು ಬಿಚ್ಚಿ
ಎಲ್ಲರ ಅಂಗೈಗೆ ನಾಲ್ಕ ನಾಲ್ಕು ಹಾಕಿದ್ಲು.
"ಹದಿನೇಳು ವರ್ಷ ಇದ್ದೆ ಇಲ್ಲೆ. ಒಮ್ಮೆರೆ ಹತ್ತಲಿಲ್ಲ.
ಆಮ್ಯಾಲ ಮೊಣಕಾಲ ಬಂತು."
ದಸ್ತಗೀರ್ ಸಾಬ ಕುದುರಿ ಬೆನ್ನು ತಟ್ಟಿದ:
"ದಿನಾ ನಾಕ ಸಲ ಇಲ್ಲೇ ನಿಂದರತೀವ್ರಿ.
ಇದೂ ಹತ್ತಿಲ್ಲ, ನಾನೂ ಹತ್ತಿಲ್ಲ."

ಹೊತ್ತು ಮುಳುಗಾಕ ಇನ್ನೂ ತಾಸಿತ್ತು.
"ಇಬ್ರಾಹಿಂ ರೋಜಾ?" ಅಂದ ಓಂಕಾರ.
ಅದು ಊರಿನ ಆ ತುದಿಗೆ,
ಮುಂಜಾನೆ ಆ ಕಡೆನ ಹೋಗಿ ಬಿಟ್ಟು ಬಂದದ್ದು.
"ಅದೇನು, ಯಾವಾಗ"
ಅನ್ನೂದ್ರಾಗ ಹಲ್ಲಿಗೆ ದ್ರಾಕ್ಷಿ ಬೀಜ ಸಿಕ್ಕಿತು.
ಅಷ್ಟರಾಗ ಗಾಡಿ ತಿರುಗಿತ್ತು.