ಮೇಲಿನ ಡೆಕ್ಕಿಗೆ ಹತ್ತು ರೂಪಾಯಿ ಹೆಚ್ಚು

ಶೀನ ಬಂಗೇರರು ತೀರಿಕೊಂಡದ್ದು
ಪರೇಲಿನ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ,
ಹನ್ನೆರಡಕ್ಕೆ ಹದಿನೈದು ನಿಮಿಷ ಇರುವಾಗ.
ಹನ್ನೆರಡು ದಾಟಿದರೆ ಇನ್ನೊಂದು ದಿನದ ಬಾಡಿಗೆ ಬೀಳುತ್ತದೆ:
ಲಾಡ್ಜು ಬಿಡುವವರಿಗೆ ಅವರೇ ಬರೆದ ಎಚ್ಚರಿಕೆ,
ಪುಟ ಒಂಬತ್ತು. ಅಚ್ಚುಮೊಳೆ ಜೋಡಿಸಿದವನು ನಾನು.

ಇಪ್ಪತ್ತೆರಡು ಪುಸ್ತಕ, ಎಲ್ಲವೂ ಅಂಗಿ ಕಿಸೆಯಲ್ಲಿ ಹಿಡಿಸುವಷ್ಟು.
ಫೋರ್ಟಿನ ಗಲ್ಲಿಯ ನಮ್ಮ ಪ್ರೆಸ್ಸಿಗೆ
ಪಾವ್ ಕಟ್ಟಿದ ಕಾಗದದ ಬೆನ್ನಿಗೆ ಬರೆದು ತರುತ್ತಿದ್ದರು:
ನಾಸಿಕದಲ್ಲಿ ಯಾವ ಧರ್ಮಶಾಲೆಯ ಚಾಪೆಗೆ ತಿಗಣೆ ಇಲ್ಲ,
ಮಡಗಾಂವಿನಲ್ಲಿ ಯಾವ ಮುದುಕಿ
ಮೀನುಸಾರನ್ನು ಎರಡನೇ ಸಲ ದುಡ್ಡಿಲ್ಲದೆ ಬಡಿಸುತ್ತಾಳೆ,
ರಾತ್ರಿ ಗಾಡಿ ಹಿಡಿದರೆ ಒಂದು ರೂಮಿನ ಬಾಡಿಗೆ ಹೇಗೆ ಉಳಿಯುತ್ತದೆ.
ಪ್ರತಿ ಊರಿನ ಕೊನೆಗೆ ಎರಡೇ ಸಾಲು:
ಹೋಗುವ ಖರ್ಚು. ಬರುವ ಖರ್ಚು.

ಒಮ್ಮೆ ನಿದ್ದೆಗಣ್ಣಲ್ಲಿ ನಾನು
ಸಾವಂತವಾಡಿಯನ್ನು ಸಾವಿನವಾಡಿ ಮಾಡಿಟ್ಟೆ.
ಸಾವಿರ ಪ್ರತಿ ಅಚ್ಚಾಗಿ ಹೋಗಿತ್ತು.
ಒಪ್ಪೋಲೆ ಹಾಕುವಾ ಅಂದರೆ, ಕಾಗದದ ರೇಟು ಕೇಳಿ
"ಬೇಡ ಮಾರಾಯಾ, ಇರಲಿ" ಎಂದು ನಕ್ಕರು.
"ಅಲ್ಲಿಗೂ ಬಸ್ಸು ಉಂಟಲ್ಲ. ರಿಸರ್ವೇಶನ್ ಬೇಡ,
ಎಲ್ಲರಿಗೂ ಸೀಟು ಸಿಕ್ಕಿಯೇ ಸಿಗುತ್ತದೆ.
ಊಟ ಹೇಗೋ ಗೊತ್ತಿಲ್ಲ. ಹೋದವ ಯಾರೂ ಬರೆದು ಹಾಕಿಲ್ಲ."

ಹೋದವ. ಈಗ ಅವರನ್ನೂ ಹಾಗೇ ಅನ್ನಬೇಕು,
ಜನ್ಮವಿಡೀ ಹೊಸ್ತಿಲಲ್ಲಿ "ಹೋಗಿ ಬರ್ತೇನೆ" ಅಂದವರನ್ನು.

ಸ್ಟೇಷನ್ನಿನಲ್ಲಿ ಹಮಾಲರನ್ನು ಕರೆಯಬೇಡಿ,
ಹೊರಲಾಗದ್ದನ್ನು ಮನೆಯಲ್ಲೇ ಬಿಡಿ, ಎಂದು ಬರೆದವರನ್ನು
ಚಾಳಿನ ಮೂರು ಮಹಡಿ ಇಳಿಸಿದೆವು, ನಾಲ್ಕು ಮಂದಿ.
ತಿರುವಿನಲ್ಲಿ ನನ್ನ ಹೆಗಲು ಜಾರಿತು. ಹಗುರ ಇದ್ದರು.
ಲಗೇಜು ಕಟ್ಟುವ ವಿದ್ಯೆ ಕೊನೆವರೆಗೂ ಮರೆಯಲಿಲ್ಲ.

ಗುಲಾಬಿಯಕ್ಕ ಬಿಳಿಬಟ್ಟೆ ಮುಟ್ಟಿ ನೋಡಿದರು.
ಗಂಡನ ಪ್ರತಿ ಬನಿಯನ್ನಿಗೂ ಒಳಗಿಂದ ಕಳ್ಳಕಿಸೆ ಹೊಲಿದ ಬೆರಳು.
"ಇದಕ್ಕೆ ಹೊಲಿಯಲಿಲ್ಲ" ಅಂದರು, "ಅಲ್ಲಿ ಪಾಕೀಟುಮಾರರು ಇಲ್ಲವಂತೆ."
ಯಾರಿಗೂ ನಗುವ ಧೈರ್ಯ ಬರಲಿಲ್ಲ, ಅವರೇ ನಗುವ ತನಕ.

ಚಂದನವಾಡಿಯ ಗುಮಾಸ್ತ ರಿಜಿಸ್ಟರಿನಿಂದ ತಲೆ ಎತ್ತದೆ
ದುಡ್ಡು ಬೇಡ, "ಫುಕಟ್" ಎಂದ.
ನಾನು ಅಭ್ಯಾಸಬಲದಿಂದ ತಿರುಗಿ ನೋಡಿದೆ,
ಈ ಪದ ಕಿವಿಗೆ ಬಿದ್ದರೆ ಎದ್ದು ಕೂರುವ ಮನುಷ್ಯ.
ಕೂರಲಿಲ್ಲ.
ಆಗ ನಂಬಿದೆ.

ಹನ್ನೊಂದನೆಯ ದಿನ, ಗೇಟ್‌ವೇ.
ಕಾಶಿ ಬೇಡ, ದುಬಾರಿ, ಎಂದು ಮೊದಲೇ ಹೇಳಿಟ್ಟಿದ್ದರು;
ಘಾರಾಪುರಿಯ ಲಾಂಚಿನಲ್ಲಿ ಅರ್ಧ ದಾರಿ ಸಾಕು.
ಮೇಲಿನ ಡೆಕ್ಕಿಗೆ ಹತ್ತು ರೂಪಾಯಿ ಹೆಚ್ಚು,
ಹತ್ತಬೇಡಿ, ಸಮುದ್ರ ಅದೇ. ಪುಟ ನಲವತ್ತೊಂದು.
ಗುಲಾಬಿಯಕ್ಕ ಮಡಕೆಯನ್ನು ಸೆರಗಲ್ಲಿ ಸುತ್ತಿ
ಸೀದಾ ಏಣಿ ಹತ್ತಿದರು.
ಟಿಕೆಟಿನವ ಬಂದಾಗ "ಮೂರು" ಅಂದರು.
ನಾನು ತಿದ್ದಲಿಲ್ಲ. ತಿದ್ದುವುದೇ ನನ್ನ ಕಸುಬು.

ಮೇಲೆ ಗಾಳಿ ಬೇರೆ ಇತ್ತು. ಸಮುದ್ರವೂ ಬೇರೆ.
ಇಷ್ಟು ವರ್ಷ ಹತ್ತು ರೂಪಾಯಿಗೆ ಇದನ್ನು ಬಿಟ್ಟರಲ್ಲ ಅಂತ
ಅವರ ಮೇಲೆ ಮೊದಲ ಸಲ ಸಿಟ್ಟು ಬಂತು.

ಹೋಗಿಬರುವ ಟಿಕೆಟು ಅದು, ಎರಡು ತುಂಡು.
ಮೂರನೆಯದರ ಮರಳುವ ತುಂಡು ನನ್ನ ಕೈಯಲ್ಲೇ ಉಳಿಯಿತು.
ವಾಪಸು ಕೊಟ್ಟು ನೋಡು, ಅರ್ಧ ದುಡ್ಡಾದರೂ... ಎಂದು ಕೇಳಿಸಿತು.
ದ್ವೀಪದ ಕಟ್ಟೆಯ ಮೇಲೆ ಕೂತು ಸುಟ್ಟ ಜೋಳ ತಿಂದೆವು, ಚೌಕಾಸಿ ಮಾಡದೆ.
ಒಂದರ ಹಿಂದೆ ಒಂದು ಲಾಂಚು ಹೊರಟವು.
ಕೊನೆಯದು ಐದೂವರೆಗೆ.
ಐದೂವರೆಯವರೆಗೂ ಕಾದೆವು.
ಯಾಕೆಂದು ಇಬ್ಬರೂ ಕೇಳಲಿಲ್ಲ.